ನಿಯಮವೇ ಶಿಕ್ಷಕನ ಉಪಕರಣ: ಹದಿಹರೆಯದವರಿಗೆ ಆಟದ ಮೂಲಕ ದೈಹಿಕ ಶಿಕ್ಷಣ ನೀಡುವ ಬಗೆ

1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದ ತರಬೇತಿ ಶಾಲೆಯೊಂದರಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರಿಗೆ ಕಷ್ಟದ ತರಗತಿಯೊಂದನ್ನು ವಹಿಸಲಾಯಿತು. ಚಳಿಗಾಲವಾದ್ದರಿಂದ ಹೊರಗೆ ಆಡುವಂತಿರಲಿಲ್ಲ, ಒಳಾಂಗಣದ ಕವಾಯತು ಮತ್ತು ಕಸರತ್ತುಗಳಿಂದ ಆ ಯುವಕರು ರೋಸಿಹೋಗಿದ್ದರು. ಹೊರಾಂಗಣದ ಆಟಗಳನ್ನು ಹಾಗೆಯೇ ಒಳಗೆ ತಂದರೆ ತಳ್ಳಾಟ, ಗಾಯ ತಪ್ಪುತ್ತಿರಲಿಲ್ಲ. ನೈಸ್ಮಿತ್ ಎರಡು ಪೀಚ್ ಹಣ್ಣಿನ ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಕಟ್ಟಿಸಿ, 13 ನಿಯಮಗಳನ್ನು ಬರೆದರು. ಚೆಂಡು ಹಿಡಿದು ಓಡುವಂತಿಲ್ಲ ಎಂದ ಮೇಲೆ ಓಡುವವನನ್ನು ಕೆಡವುವ ಅಗತ್ಯವೇ ಉಳಿಯಲಿಲ್ಲ. ಗುರಿ ತಲೆಯ ಮೇಲೆ ಇರುವುದರಿಂದ ಬಲವಾಗಿ ಎಸೆದು ಪ್ರಯೋಜನವಿಲ್ಲ, ನಯವಾಗಿ ಎಸೆಯಬೇಕು. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ಹೀಗೆ, ಒಬ್ಬ ದೈಹಿಕ ಶಿಕ್ಷಣ ಶಿಕ್ಷಕ ತನ್ನ ತರಗತಿಯ ವರ್ತನೆಯ ಸಮಸ್ಯೆಗೆ ನಿಯಮದ ಮೂಲಕ ಕಂಡುಕೊಂಡ ಪರಿಹಾರವಾಗಿ.

ಹದಿಹರೆಯದವರೊಂದಿಗೆ ಮೈದಾನದಲ್ಲಿ ಕೆಲಸ ಮಾಡುವ ಶಿಕ್ಷಕರು ಮತ್ತು ತರಬೇತುದಾರರನ್ನು ಉದ್ದೇಶಿಸಿ ಬರೆದ ಈ ಕೈಪಿಡಿಯ ಮುಖ್ಯ ಮಾತು ಇದೇ: ಮಕ್ಕಳ ದೇಹಕ್ಕೂ ಮನಸ್ಸಿಗೂ ಏನು ದಕ್ಕಬೇಕೆಂದು ನೀವು ಬಯಸುತ್ತೀರೋ ಅದನ್ನು ಉಪದೇಶದಲ್ಲಿ ಹೇಳುವುದಕ್ಕಿಂತ ಆಟದ ನಿಯಮದಲ್ಲಿ ಅಡಕಗೊಳಿಸುವುದು ಹೆಚ್ಚು ಫಲ ಕೊಡುತ್ತದೆ. ‘ಎಲ್ಲರಿಗೂ ಚೆಂಡು ಕೊಡಿ’ ಎಂದು ಹತ್ತು ಸಲ ಕೂಗುವ ಬದಲು, ಎಲ್ಲರ ಕೈಗೂ ಚೆಂಡು ಹೋಗದೆ ಅಂಕ ಸಿಗದಂಥ ಆಟವನ್ನು ಕಟ್ಟಬಹುದು.

ಈ ವಯಸ್ಸಿನ ದೇಹ ಮತ್ತು ಮನಸ್ಸು

ಆಟವನ್ನು ರೂಪಿಸುವ ಮೊದಲು ಆಡುವವರು ಯಾರೆಂಬುದನ್ನು ತಿಳಿದುಕೊಳ್ಳಬೇಕು. ಎತ್ತರದ ಬೆಳವಣಿಗೆಯ ವೇಗ ಹುಡುಗಿಯರಲ್ಲಿ ಸರಾಸರಿ 12ನೆಯ ವಯಸ್ಸಿನ ಸುಮಾರಿಗೆ, ಹುಡುಗರಲ್ಲಿ 14ರ ಸುಮಾರಿಗೆ ಶಿಖರ ಮುಟ್ಟುತ್ತದೆ. ಆದರೆ ಇದು ಸರಾಸರಿ ಮಾತ್ರ; ಒಂದೇ ತರಗತಿಯಲ್ಲಿ ಅಕ್ಕಪಕ್ಕ ಕುಳಿತ 13 ವರ್ಷದ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಆಗಲೇ ಮೀಸೆ ಚಿಗುರಿರಬಹುದು, ಇನ್ನೊಬ್ಬನ ಮೈಕಟ್ಟು ಇನ್ನೂ ಬಾಲಕನದ್ದೇ ಆಗಿರಬಹುದು. ಇಬ್ಬರನ್ನೂ ಒಂದೇ ಓಟದಲ್ಲಿ ನಿಲ್ಲಿಸಿ ಸಮಯ ಅಳೆದರೆ ನಾವು ಅಳೆಯುವುದು ಅವರ ಪ್ರಯತ್ನವನ್ನಲ್ಲ, ಅವರ ದೇಹಗಳು ಬಲಿತ ಹಂತವನ್ನು. ಕೈಕಾಲುಗಳು ಮೊದಲು ಉದ್ದವಾಗಿ ಮುಂಡ ಆಮೇಲೆ ಬೆಳೆಯುವುದರಿಂದ, ಹಿಂದಿನ ವರ್ಷ ಚೆನ್ನಾಗಿ ಚೆಂಡು ಹಿಡಿಯುತ್ತಿದ್ದ ಮಗು ಈ ವರ್ಷ ಎಡವಬಹುದು. ಇದು ತಾತ್ಕಾಲಿಕವೆಂದು ಆ ಮಗುವಿಗೂ ಉಳಿದವರಿಗೂ ಸ್ಪಷ್ಟವಾಗಿ ಹೇಳಬೇಕು, ಇಲ್ಲವಾದರೆ ‘ನನಗೆ ಆಟ ಬರುವುದಿಲ್ಲ’ ಎಂಬ ತೀರ್ಮಾನ ಜೀವಮಾನವಿಡೀ ಉಳಿದುಬಿಡುತ್ತದೆ.

ವಯಸ್ಕ ದೇಹದಲ್ಲಿರುವ ಮೂಳೆಯ ಖನಿಜಾಂಶದಲ್ಲಿ ಸುಮಾರು ಕಾಲು ಭಾಗ ಈ ವೇಗದ ಬೆಳವಣಿಗೆಯ ಆಸುಪಾಸಿನ ಎರಡು ವರ್ಷಗಳಲ್ಲಿಯೇ ಜಮೆಯಾಗುತ್ತದೆ. ಮೂಳೆ ಗಟ್ಟಿಯಾಗುವುದು ಅದರ ಮೇಲೆ ಬೀಳುವ ಹೊರೆಗೆ ಪ್ರತಿಕ್ರಿಯೆಯಾಗಿ. ಅದರಲ್ಲೂ ಜಿಗಿತ, ತಟ್ಟನೆ ನಿಲ್ಲುವುದು, ದಿಕ್ಕು ಬದಲಿಸುವುದು ಮುಂತಾದ ಬೇರೆ ಬೇರೆ ದಿಕ್ಕಿನ ಚುರುಕು ಹೊರೆಗಳು ಹೆಚ್ಚು ಪರಿಣಾಮಕಾರಿ. ಮೈದಾನದ ಸುತ್ತ ಒಂದೇ ವೇಗದಲ್ಲಿ ಓಡಿಸುವುದಕ್ಕಿಂತ ಕಬಡ್ಡಿ, ಖೊ ಖೊ, ಹ್ಯಾಂಡ್‌ಬಾಲ್, ಬ್ಯಾಡ್ಮಿಂಟನ್ ಇವೆಲ್ಲ ಈ ದೃಷ್ಟಿಯಿಂದ ಮೇಲು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮಧ್ಯಮದಿಂದ ತೀವ್ರ ಪ್ರಮಾಣದ ಚಟುವಟಿಕೆ ಬೇಕು, ವಾರಕ್ಕೆ ಕನಿಷ್ಠ ಮೂರು ದಿನ ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ಚಟುವಟಿಕೆ ಇರಬೇಕು. ಆದರೆ 2016ರವರೆಗಿನ ಅಂಕಿಅಂಶಗಳನ್ನು ಆಧರಿಸಿದ ಜಾಗತಿಕ ಅಂದಾಜಿನಂತೆ 11ರಿಂದ 17 ವರ್ಷದ ಶಾಲಾ ಮಕ್ಕಳಲ್ಲಿ ಶೇ. 81ರಷ್ಟು ಮಂದಿ ಅಷ್ಟು ಚಟುವಟಿಕೆ ನಡೆಸುತ್ತಿರಲಿಲ್ಲ. ಹುಡುಗಿಯರಲ್ಲಿ ಈ ಕೊರತೆ ಇನ್ನೂ ಹೆಚ್ಚು.

ಮನಸ್ಸಿನ ಕಡೆಯೂ ಇಷ್ಟೇ ಮುಖ್ಯ. ಭಾವನೆ ಮತ್ತು ಪ್ರತಿಫಲಗಳಿಗೆ ಸಂಬಂಧಿಸಿದ ಮಿದುಳಿನ ಭಾಗಗಳು ಈ ವಯಸ್ಸಿನಲ್ಲಿ ಬಹಳ ಚುರುಕಾಗಿರುತ್ತವೆ. ಅವುಗಳಿಗೆ ಲಗಾಮು ಹಾಕುವ ಹಣೆಯ ಹಿಂದಿನ ಭಾಗ ಪೂರ್ಣವಾಗಿ ಬಲಿಯುವುದು ಇಪ್ಪತ್ತರ ಮಧ್ಯದ ಹೊತ್ತಿಗೆ. ಜೊತೆಗೆ, ಓರಗೆಯವರು ನೋಡುತ್ತಿದ್ದಾರೆ ಎಂಬ ಅರಿವು ಇವರಲ್ಲಿ ತೀವ್ರವಾಗಿರುತ್ತದೆ. ಸೋಲಿನ ಸಂಕಟ, ಅನ್ಯಾಯವಾಯಿತೆಂಬ ಸಿಟ್ಟು, ಚೆಂಡು ಬಿಟ್ಟ ನಾಚಿಕೆ ಇವೆಲ್ಲ ಆಟದಲ್ಲಿ ನಿಜವಾಗಿಯೇ ಎದುರಾಗುತ್ತವೆ, ಆದರೆ ಕಳೆದುಕೊಳ್ಳುವುದು ಒಂದು ಅಂಕವನ್ನಷ್ಟೆ. ಭಾವನೆಗಳನ್ನು ನಿಭಾಯಿಸುವ ಅಭ್ಯಾಸಕ್ಕೆ ಇಷ್ಟು ಸುರಕ್ಷಿತವಾದ ಜಾಗ ಶಾಲೆಯಲ್ಲಿ ಬೇರೊಂದಿಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ. ಆದರೆ ಆಟವಾಡಿದ ಮಾತ್ರಕ್ಕೆ ಈ ಲಾಭ ತಾನಾಗಿ ಸಿಗುವುದಿಲ್ಲ. ಕೆಟ್ಟದಾಗಿ ನಡೆಸಿದ ಆಟ ಬಲಾಢ್ಯರ ದರ್ಪವನ್ನೂ ಅಂಜುಬುರುಕರ ಅಂಜಿಕೆಯನ್ನೂ ಇನ್ನಷ್ಟು ಗಟ್ಟಿಗೊಳಿಸುತ್ತದೆ.

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಮನೋವಿಜ್ಞಾನಿಗಳು ರೂಪಿಸಿದ ಸ್ವನಿರ್ಧಾರ ಸಿದ್ಧಾಂತ ಇಲ್ಲಿ ಒಳ್ಳೆಯ ಅಳತೆಗೋಲು. ಮನುಷ್ಯ ಒಂದು ಕೆಲಸದಲ್ಲಿ ಒಳಗಿನಿಂದ ತೊಡಗಿಕೊಳ್ಳಬೇಕಾದರೆ ಮೂರು ಅಗತ್ಯಗಳು ಪೂರೈಸಬೇಕೆಂದು ಅದು ಹೇಳುತ್ತದೆ: ನನ್ನ ಆಯ್ಕೆಗೆ ಬೆಲೆಯಿದೆ ಎಂಬ ಭಾವ, ನನಗೆ ಇದು ಬರುತ್ತಿದೆ ಎಂಬ ಭಾವ, ನಾನು ಇವರಲ್ಲೊಬ್ಬ ಎಂಬ ಭಾವ. ಯಾವುದೇ ಪಾಠದ ಯೋಜನೆ ಬರೆದ ಮೇಲೆ ಈ ಮೂರರಲ್ಲಿ ಯಾವುದು ಎಲ್ಲಿ ಸಿಗುತ್ತದೆ ಎಂದು ಗುರುತು ಹಾಕಿ ನೋಡಿ.

ಸಾಲು ಬಿಡಿಸಿ, ಆಟದಿಂದ ಆರಂಭಿಸಿ

ಮೊದಲು ಒಂದು ಸರಳ ಲೆಕ್ಕ ನೋಡೋಣ. 40 ಮಕ್ಕಳು ಒಂದು ಬುಟ್ಟಿಯ ಮುಂದೆ ಸಾಲಾಗಿ ನಿಂತಿದ್ದಾರೆ. ಒಬ್ಬೊಬ್ಬರು ಓಡಿ ಬಂದು ಚೆಂಡು ಎಸೆದು ಹಿಂದಿರುಗಲು 15 ಸೆಕೆಂಡು ಬೇಕು. ಅಂದರೆ ಪ್ರತಿ ಮಗುವಿಗೂ ಹತ್ತು ನಿಮಿಷಕ್ಕೊಂದು ಸರದಿ. ಪೀರಿಯಡ್ಡಿನಲ್ಲಿ ನಿಜವಾಗಿ ದಕ್ಕುವ 30 ನಿಮಿಷದಲ್ಲಿ ಮೂರು ಸರದಿ, ಒಟ್ಟು 45 ಸೆಕೆಂಡಿನ ಚಲನೆ. ಉಳಿದ ಹೊತ್ತು ಮಗು ಕಲಿಯುವುದು ಕಾಯುವುದನ್ನು, ಮತ್ತು ತಪ್ಪಿದರೆ 39 ಜೊತೆ ಕಣ್ಣುಗಳ ಎದುರು ತಪ್ಪುವುದನ್ನು.

ಇದಕ್ಕೆ ಬದಲಿ ದಾರಿಯನ್ನು 1982ರಲ್ಲಿ ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಡೇವಿಡ್ ಬಂಕರ್ ಮತ್ತು ರಾಡ್ ಥಾರ್ಪ್ ಸೂಚಿಸಿದರು. ಕೌಶಲವನ್ನು ಬಿಡಿಬಿಡಿಯಾಗಿ ಕಲಿಸಿ ಕೊನೆಗೆ ಆಟ ಆಡಿಸುವ ರೂಢಿಯನ್ನು ಅವರು ತಿರುಗಿಸಿದರು: ಮೊದಲು ಸರಳಗೊಳಿಸಿದ ಆಟ, ಆಟದಲ್ಲಿ ಎದುರಾಗುವ ಸಮಸ್ಯೆಯ ಅರಿವು, ಏನು ಮಾಡಬೇಕೆಂಬ ನಿರ್ಧಾರ, ಆಮೇಲೆ ಹೇಗೆ ಮಾಡಬೇಕೆಂಬ ಕೌಶಲ, ಮತ್ತೆ ಆಟ. ಚೆಂಡನ್ನು ಎದೆಯ ಮಟ್ಟದಲ್ಲಿ ಏಕೆ ಎಸೆಯಬೇಕೆಂಬ ಪ್ರಶ್ನೆ ಮಗುವಿನೊಳಗೆ ಹುಟ್ಟಿದ ಮೇಲೆ ಬರುವ ಪಾಠ ನಾಟುತ್ತದೆ. ಈ ಕ್ರಮದಲ್ಲಿ ಆಟಗಳನ್ನು ಸಾಮಾನ್ಯವಾಗಿ ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಗುರಿ ಮುಟ್ಟಿಸುವ ಆಟಗಳು, ಹೊಡೆದು ಓಡುವ ಮತ್ತು ಕ್ಷೇತ್ರರಕ್ಷಣೆಯ ಆಟಗಳು, ಬಲೆ ಅಥವಾ ಗೋಡೆಯ ಆಟಗಳು, ಎದುರಾಳಿಯ ಅಂಕಣಕ್ಕೆ ನುಗ್ಗುವ ಆಟಗಳು. ಒಂದು ಬಗೆಯ ಒಂದು ಆಟದಲ್ಲಿ ಕಲಿತ ಚಾತುರ್ಯ ಅದೇ ಬಗೆಯ ಇನ್ನೊಂದು ಆಟಕ್ಕೂ ಒದಗುತ್ತದೆ. ಖಾಲಿ ಜಾಗ ಹುಡುಕಲು ಫುಟ್‌ಬಾಲಿನಲ್ಲಿ ಕಲಿತವರು ಹಾಕಿಯಲ್ಲೂ ಹುಡುಕುತ್ತಾರೆ. ಆದ್ದರಿಂದ ವರ್ಷವಿಡೀ ಒಂದೇ ಕ್ರೀಡೆಗೆ ಅಂಟಿಕೊಳ್ಳದೆ ನಾಲ್ಕೂ ಬಗೆಗಳನ್ನು ಮುಟ್ಟಿಸಿ.

ಒಂದು ಪಾಠವನ್ನು ಹತ್ತಿರದಿಂದ ನೋಡಿದರೆ

ನುಗ್ಗುವ ಬಗೆಯ ಒಂದು ಚಿಕ್ಕ ಆಟವನ್ನೇ ತೆಗೆದುಕೊಳ್ಳೋಣ. ಸುಮಾರು 20 ಮೀಟರ್ ಉದ್ದ, 12 ಮೀಟರ್ ಅಗಲದ ಅಂಕಣ. ಎರಡೂ ತುದಿಗಳಲ್ಲಿ ಎರಡೆರಡು ಮೀಟರಿನ ಅಂಕವಲಯ. ಒಂದೊಂದು ಕಡೆ ನಾಲ್ವರು. ಚೆಂಡು ಕೈಯಲ್ಲಿದ್ದವರು ಓಡುವಂತಿಲ್ಲ, ಪಾಸ್ ಮಾಡಬೇಕು. ರಕ್ಷಿಸುವವರು ಒಂದು ತೋಳಿನಷ್ಟು ದೂರದಲ್ಲಿರಬೇಕು, ಯಾರನ್ನೂ ಮುಟ್ಟುವಂತಿಲ್ಲ. ಅಂಕವಲಯದೊಳಗೆ ಜೊತೆಗಾರ ಚೆಂಡು ಹಿಡಿದರೆ ಒಂದು ಅಂಕ. ವಿವರಣೆಗೆ ಇಷ್ಟೇ ಸಾಕು, ಒಂದು ನಿಮಿಷಕ್ಕಿಂತ ಹೆಚ್ಚು ಮಾತನಾಡಬೇಡಿ. 40 ಮಕ್ಕಳಿದ್ದರೆ ಇಂಥ ಐದು ಅಂಕಣಗಳು ಬೇಕು. ಚೆಂಡುಗಳು ಮೂರೇ ಇದ್ದರೆ 24 ಮಂದಿ ಈ ಆಟದಲ್ಲಿರಲಿ, ಉಳಿದ 16 ಮಂದಿ ಚೆಂಡೇ ಬೇಡದ ಅಟ್ಟಿಸಿ ಹಿಡಿಯುವ ಆಟದಲ್ಲಿರಲಿ, ಅರ್ಧ ಹೊತ್ತಿಗೆ ಬದಲಾಗಲಿ.

ಮೊದಲ ನಾಲ್ಕೈದು ನಿಮಿಷ ಏನಾಗುತ್ತದೆಂಬುದು ಹೆಚ್ಚು ಕಡಿಮೆ ಖಚಿತ. ಎಂಟೂ ಮಂದಿ ಚೆಂಡಿನ ಸುತ್ತ ಗುಂಪುಗೂಡುತ್ತಾರೆ. ಚೆಂಡು ಹಿಡಿದವನು ತಲೆಯ ಮೇಲೆ ಎತ್ತಿ ಹಿಡಿದು ಯಾರಿಗೆ ಕೊಡಲಿ ಎಂದು ತಡಕಾಡುತ್ತಾನೆ, ಮೂವರು ‘ನನಗೆ, ನನಗೆ’ ಎಂದು ಅವನ ಮೂಗಿನ ಕೆಳಗೇ ಕೂಗುತ್ತಾರೆ. ಹಿಂದೆ ಒಬ್ಬಳು ಹುಡುಗಿ ಪೂರ್ತಿ ಖಾಲಿ ಜಾಗದಲ್ಲಿ ನಿಂತಿದ್ದಾಳೆ, ಆದರೆ ಕೂಗುವುದಿಲ್ಲ, ಕೈಯೆತ್ತುವುದೂ ಇಲ್ಲ. ಈಗ ಸೀಟಿ ಊದಿ, ಎಲ್ಲರೂ ಇದ್ದಲ್ಲೇ ನಿಲ್ಲಲಿ. ಉತ್ತರ ಹೇಳಬೇಡಿ, ಪ್ರಶ್ನೆ ಕೇಳಿ: ‘ಸುತ್ತ ನೋಡಿ. ಈಗ ಅತ್ಯಂತ ಸುಲಭವಾಗಿ ಚೆಂಡು ಪಡೆಯಬಹುದಾದವರು ಯಾರು?’ ಎಲ್ಲರ ತಲೆಗಳೂ ಆ ಹುಡುಗಿಯ ಕಡೆ ತಿರುಗುತ್ತವೆ. ‘ಅವಳು ಅಲ್ಲಿರುವುದು ಗೊತ್ತಾಗಬೇಕಾದರೆ ಯಾರು ಏನು ಮಾಡಬೇಕು?’ ಚೆಂಡು ಹಿಡಿಯುವ ಮೊದಲೇ ತಲೆಯೆತ್ತಿ ನೋಡಬೇಕು ಎಂದು ಒಬ್ಬ, ಅವಳು ಕೈ ತೋರಿಸಬೇಕು ಎಂದು ಇನ್ನೊಬ್ಬ ಹೇಳುತ್ತಾರೆ. ಸಾಕು, ಆಟ ಮುಂದುವರಿಯಲಿ. ಆಟದ ತಿಳಿವಳಿಕೆಯ ಪಾಠವೊಂದು ಅಲ್ಲಿ ಮುಗಿಯಿತು. ಜೊತೆಗೆ, ಸುಮ್ಮನಿರುವ ಮಗುವೊಂದು ತಂಡಕ್ಕೆ ಬೇಕಾದ ಜಾಗದಲ್ಲಿಯೇ ನಿಂತಿತ್ತೆಂಬುದು ಯಾರೂ ಹೊಗಳದೆಯೇ ಎಲ್ಲರಿಗೂ ಕಂಡಿತು.

ಆಮೇಲಿನ ಹೆಜ್ಜೆ ನಿಯಮ ಬದಲಿಸುವುದು, ಮತ್ತು ಶಿಕ್ಷಕನ ನಿಜವಾದ ಜಾಣ್ಮೆ ಇರುವುದು ಇಲ್ಲಿಯೇ. ಗುಂಪುಗೂಡುವಿಕೆ ಹೋಗದಿದ್ದರೆ ಅಂಕಣವನ್ನು ಅಗಲಿಸಿ. ಜಾಗ ಹೆಚ್ಚಾದಂತೆ ಹರಡಿಕೊಳ್ಳುವುದು ಲಾಭವೆಂದು ಅವರಿಗೇ ತಿಳಿಯುತ್ತದೆ. ಚೆಂಡು ಹಿಡಿಯುವುದೇ ಕಷ್ಟವಾದರೆ ದೊಡ್ಡದಾದ, ಮೆದುವಾದ ಚೆಂಡು ಕೊಡಿ, ಇಲ್ಲವೇ ದಾಳಿಯ ತಂಡಕ್ಕೆ ಒಬ್ಬರನ್ನು ಹೆಚ್ಚಾಗಿ ಸೇರಿಸಿ. ಇಬ್ಬರೇ ಆಟವನ್ನು ಆಕ್ರಮಿಸಿಕೊಂಡಿದ್ದರೆ, ಅಂಕ ಪಡೆಯುವ ಮೊದಲು ನಾಲ್ವರೂ ಚೆಂಡು ಮುಟ್ಟಿರಬೇಕೆಂಬ ನಿಯಮ ತನ್ನಿ, ಅಥವಾ ಒಮ್ಮೆ ಅಂಕ ಗಳಿಸಿದವರು ಮುಂದಿನ ಅಂಕವನ್ನು ಇನ್ನೊಬ್ಬರ ಕೈಯಿಂದ ಗಳಿಸಿಕೊಡಬೇಕೆನ್ನಿ. ಎರಡನೆಯದನ್ನು ನಾನು ಹೆಚ್ಚು ಇಷ್ಟಪಡುತ್ತೇನೆ. ಅದು ಚೆನ್ನಾಗಿ ಆಡುವವರ ಕೈ ಕಟ್ಟುವುದಿಲ್ಲ, ಅವರ ಸಾಮರ್ಥ್ಯವನ್ನು ಬೇರೆಯವರ ಕಡೆಗೆ ತಿರುಗಿಸುತ್ತದೆ. ಒಂದು ಸಲಕ್ಕೆ ಒಂದೇ ನಿಯಮ ಬದಲಿಸಿ, ಪರಿಣಾಮ ಕಾಣುವವರೆಗೆ ಕಾಯಿರಿ. ಪಾಠದ ಕೊನೆಯ ಭಾಗದಲ್ಲಿ ಒಂದು ನಿಯಮವನ್ನು ಬದಲಿಸುವ ಅಧಿಕಾರವನ್ನು ಮಕ್ಕಳಿಗೇ ಕೊಡಿ. ಅವರು ತರುವ ನಿಯಮ ಕೆಲವೊಮ್ಮೆ ಆಟವನ್ನೇ ಕೆಡಿಸುತ್ತದೆ. ಹಾಗಾದಾಗ ಅದನ್ನು ಸರಿಪಡಿಸುವ ಕೆಲಸವೂ ಅವರದೇ.

ಈ ಬಗೆಯ ಯೋಚನೆಗೆ ಹಳೆಯ ಮಾದರಿಗಳಿವೆ. 1902ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಶಾಲಾ ಶಿಕ್ಷಕ ನಿಕೊ ಬ್ರೂಕ್‌ಹೌಸೆನ್ ಹುಡುಗ ಹುಡುಗಿಯರು ಒಂದೇ ತಂಡದಲ್ಲಿ ಆಡುವ ಕಾರ್ಫ್‌ಬಾಲ್ ಆಟವನ್ನು ರೂಪಿಸಿದರು. ನಾಲ್ವರು ಪುರುಷರು, ನಾಲ್ವರು ಮಹಿಳೆಯರು ಸೇರಿ ಒಂದು ತಂಡ. ಚೆಂಡು ಹಿಡಿದು ಓಡುವಂತಿಲ್ಲ. ಎರಡು ಗೋಲುಗಳಾದ ಕೂಡಲೇ ದಾಳಿಯವರು ರಕ್ಷಣೆಗೆ, ರಕ್ಷಣೆಯವರು ದಾಳಿಗೆ ಬದಲಾಗಬೇಕು. ಹುಡುಗರು ಮುಂದೆ, ಹುಡುಗಿಯರು ಹಿಂದೆ ಎಂಬ ಏರ್ಪಾಡಿಗೆ ಆ ನಿಯಮಾವಳಿಯಲ್ಲಿ ಜಾಗವೇ ಇಲ್ಲ.

ಸಿಟ್ಟು, ಸೋಲು ಮತ್ತು ತಕರಾರು

ಗೆರೆಯ ಹತ್ತಿರ ಚೆಂಡು ಹಿಡಿಯಲಾಯಿತು. ಒಳಗೆ ಎಂದು ಒಂದು ತಂಡ, ಹೊರಗೆ ಎಂದು ಇನ್ನೊಂದು ತಂಡ ವಾದಿಸತೊಡಗಿದವು. ಇಬ್ಬರು ಎದೆಗೆ ಎದೆ ಕೊಟ್ಟು ನಿಂತರು. ಇಲ್ಲಿ ಶಿಕ್ಷಕರು ಓಡಿ ಹೋಗಿ ತೀರ್ಪು ಕೊಟ್ಟರೆ ಆಟ ಬೇಗ ಮುಂದುವರಿಯುತ್ತದೆ ನಿಜ, ಆದರೆ ಕಲಿಯಬೇಕಾಗಿದ್ದು ಅಲ್ಲಿಯೇ ಕೈತಪ್ಪುತ್ತದೆ. ಹಾರುವ ತಟ್ಟೆಯಿಂದ ಆಡುವ ‘ಅಲ್ಟಿಮೇಟ್’ ಆಟದಲ್ಲಿ ಸಾಮಾನ್ಯವಾಗಿ ರೆಫರಿಯೇ ಇರುವುದಿಲ್ಲ. ಫೌಲ್ ಆಯಿತೇ ಇಲ್ಲವೇ ಎಂಬುದನ್ನು ಆಟಗಾರರೇ ಮಾತಾಡಿ ತೀರ್ಮಾನಿಸುತ್ತಾರೆ, ಒಪ್ಪಂದಕ್ಕೆ ಬಾರದಿದ್ದರೆ ತಟ್ಟೆ ಎಸೆದವರ ಕೈಗೇ ಮರಳುತ್ತದೆ, ಆಟ ಅಲ್ಲಿಂದ ಮುಂದುವರಿಯುತ್ತದೆ. ಈ ನಿಯಮವನ್ನು ಯಾವ ಆಟಕ್ಕೂ ಎರವಲು ಪಡೆಯಬಹುದು: ಘಟನೆಗೆ ಸಂಬಂಧಪಟ್ಟ ಇಬ್ಬರು ಮಾತ್ರ ಮಾತಾಡಬೇಕು, ಹತ್ತು ಎಣಿಸುವುದರೊಳಗೆ ಒಪ್ಪಬೇಕು, ಇಲ್ಲವಾದರೆ ಆ ಸರದಿಯನ್ನು ಮತ್ತೆ ಆಡಬೇಕು. ಮೊದಲ ವಾರಗಳಲ್ಲಿ ಗದ್ದಲವಾಗುತ್ತದೆ, ತಾಳ್ಮೆ ಕಳೆದುಕೊಳ್ಳಬೇಡಿ. ಮತ್ತೆ ಆಡುವುದರಿಂದ ಯಾರಿಗೂ ನಷ್ಟವಿಲ್ಲವೆಂದು ಅನುಭವಕ್ಕೆ ಬಂದ ಮೇಲೆ ವಾದ ತಾನೇ ಚಿಕ್ಕದಾಗುತ್ತದೆ.

ಸಿಟ್ಟು ನೆತ್ತಿಗೇರಿದ ಮಗುವಿಗೆ ಅಂಕಣದಿಂದ ಹೊರಗೆ ಬರುವ ಗೌರವದ ದಾರಿ ಇರಬೇಕು. ಗೆರೆಯಾಚೆ ಒಂದು ಜಾಗವನ್ನು ಗೊತ್ತುಮಾಡಿ, ಯಾರು ಬೇಕಾದರೂ ತಾವಾಗಿಯೇ ಅಲ್ಲಿಗೆ ಹೋಗಿ, ಉಸಿರು ತಹಬದಿಗೆ ಬಂದ ಮೇಲೆ ಕೇಳದೆಯೇ ಹಿಂದಿರುಗಬಹುದೆಂದು ಮೊದಲೇ ಹೇಳಿಡಿ. ಇದು ಶಿಕ್ಷೆಯ ಜಾಗವಾಗಬಾರದು. ನೀವೇ ಒಬ್ಬರನ್ನು ಅಲ್ಲಿಗೆ ಕಳಿಸಿದ ದಿನ ಅದರ ಉಪಯೋಗ ಮುಗಿಯುತ್ತದೆ.

ಆಟ ಮುಗಿದ ಮೇಲೆ ಮೂರು ನಿಮಿಷ ವೃತ್ತದಲ್ಲಿ ಕೂರಿಸಿ. ‘ಹೇಗನ್ನಿಸಿತು’ ಎಂಬಂಥ ಸಡಿಲ ಪ್ರಶ್ನೆಗೆ ‘ಚೆನ್ನಾಗಿತ್ತು ಸರ್’ ಎಂಬುದಷ್ಟೇ ಉತ್ತರ. ನಿರ್ದಿಷ್ಟವಾಗಿ ಕೇಳಿ: ಇವತ್ತು ನಿಮಗೆ ಒಳ್ಳೆಯ ಪಾಸ್ ಕೊಟ್ಟವರು ಯಾರು? ಸಿಟ್ಟು ಬಂದದ್ದು ಯಾವ ಕ್ಷಣದಲ್ಲಿ, ದೇಹದಲ್ಲಿ ಅದು ಮೊದಲು ಎಲ್ಲಿ ಗೊತ್ತಾಯಿತು? ಎರಡನೆಯ ಪ್ರಶ್ನೆ ವಿಚಿತ್ರವೆನಿಸಬಹುದು, ಆದರೆ ಬಿಗಿಯುವ ದವಡೆಯನ್ನು, ಬಿಸಿಯೇರುವ ಕಿವಿಯನ್ನು ಗುರುತಿಸಲು ಕಲಿತ ಹುಡುಗ ಮುಂದಿನ ಸಲ ಕೈಯೆತ್ತುವ ಮೊದಲು ಎರಡು ಸೆಕೆಂಡು ಗಳಿಸಿಕೊಳ್ಳುತ್ತಾನೆ. ಉತ್ತರಿಸಲು ಯಾರನ್ನೂ ಒತ್ತಾಯಿಸಬೇಡಿ. ಡಾನ್ ಹೆಲಿಸನ್ ಎಂಬ ಅಮೆರಿಕದ ಶಿಕ್ಷಣತಜ್ಞರು ಸಂಕಷ್ಟದಲ್ಲಿದ್ದ ಹರೆಯದವರೊಂದಿಗೆ ಕೆಲಸ ಮಾಡಿ ಜವಾಬ್ದಾರಿಯ ಐದು ಮೆಟ್ಟಿಲುಗಳನ್ನು ಗುರುತಿಸಿದರು: ಬೇರೆಯವರ ಹಕ್ಕು ಮತ್ತು ಭಾವನೆಗಳಿಗೆ ಗೌರವ, ಮನಸ್ಸಿಟ್ಟು ಪ್ರಯತ್ನ, ಸ್ವಂತ ಹೊಣೆಯಿಂದ ನಡೆಯುವುದು, ಇತರರಿಗೆ ನೆರವು, ಮತ್ತು ಇವೆಲ್ಲವನ್ನೂ ಮೈದಾನದ ಹೊರಗೂ ಒಯ್ಯುವುದು. ವೃತ್ತದಲ್ಲಿ ಕೂತಾಗ ಪ್ರತಿಯೊಬ್ಬರೂ ಇವತ್ತು ತಾವು ಯಾವ ಮೆಟ್ಟಿಲಿನಲ್ಲಿದ್ದೆವೆಂದು ಬೆರಳೆತ್ತಿ ತೋರಿಸಿದರೆ ಸಾಕು, ಮಾತು ಬೇಕೆಂದೇ ಇಲ್ಲ.

ಅಂಚಿನಲ್ಲಿ ನಿಲ್ಲುವವರು

ಪ್ರತಿ ತರಗತಿಯಲ್ಲೂ ಆಟದಲ್ಲಿದ್ದಂತೆ ಕಾಣುತ್ತಾ ಚೆಂಡಿನಿಂದ ಸದಾ ದೂರ ಸರಿಯುವ ಕೆಲವರಿರುತ್ತಾರೆ. ಅವರನ್ನು ಸೋಮಾರಿಗಳೆಂದು ಕರೆಯುವ ಮೊದಲು ನಮ್ಮ ಕೆಲವು ರೂಢಿಗಳನ್ನು ನೋಡಿಕೊಳ್ಳಬೇಕು. ಇಬ್ಬರು ನಾಯಕರು ಒಬ್ಬೊಬ್ಬರನ್ನಾಗಿ ಹೆಸರು ಕರೆದು ತಂಡ ಕಟ್ಟುವ ಪದ್ಧತಿಯನ್ನು ಇವತ್ತೇ ನಿಲ್ಲಿಸಿ. ಕೊನೆಗೆ ಉಳಿದ ಇಬ್ಬರು ನೆಲ ನೋಡುತ್ತಾ ನಿಂತಿರುವಾಗ ‘ಸರಿ, ಇವನನ್ನು ನೀನೇ ತಗೋ’ ಎಂಬ ಮಾತು ಕೇಳಿಬರುತ್ತದಲ್ಲ, ಆ ಅವಮಾನವನ್ನು ಯಾವ ವ್ಯಾಯಾಮದ ಲಾಭವೂ ತುಂಬಿಕೊಡಲಾರದು. ತಂಡಗಳನ್ನು ನೀವೇ ಮೊದಲೇ ಬರೆದು ತನ್ನಿ. ಔಟಾದವರು ಹೊರಗೆ ಕೂರುವ ಆಟಗಳಲ್ಲಿ ಅಭ್ಯಾಸ ಹೆಚ್ಚು ಬೇಕಾದವರೇ ಮೊದಲು ಹೊರಬೀಳುತ್ತಾರೆ. ಔಟಾದವರು ಪಕ್ಕದ ಅಂಕಣಕ್ಕೆ ಸೇರಿಕೊಳ್ಳುವಂತೆ ನಿಯಮ ಬದಲಿಸಿ. ಕಬಡ್ಡಿಯಲ್ಲಿ ಎದುರಾಳಿ ಔಟಾದಾಗ ನಮ್ಮವರೊಬ್ಬರು ಒಳಗೆ ಮರಳುತ್ತಾರೆ, ಆ ವ್ಯವಸ್ಥೆಯಲ್ಲಿ ಒಳ್ಳೆಯ ವಿವೇಕವಿದೆ. ತಪ್ಪಿಗೆ ಶಿಕ್ಷೆಯಾಗಿ ಮೈದಾನ ಸುತ್ತಿಸುವುದೂ ಬೇಡ. ಓಟವೆಂದರೆ ದಂಡನೆಯೆಂದು ಕಲಿತ ಮಗು ದೊಡ್ಡವನಾದ ಮೇಲೆ ಸಂತೋಷಕ್ಕಾಗಿ ಏಕೆ ಓಡಬೇಕು?

ಹುಡುಗಿಯರು ಹದಿಹರೆಯದಲ್ಲಿ ಆಟದಿಂದ ದೂರವಾಗುವುದಕ್ಕೆ ಆಸಕ್ತಿಯ ಕೊರತೆಗಿಂತ ಬೇರೆ ಕಾರಣಗಳೇ ಹೆಚ್ಚು: ಬಿಗಿಯಾದ ಅಥವಾ ಮುಜುಗರ ತರುವ ಸಮವಸ್ತ್ರ, ಬಟ್ಟೆ ಬದಲಿಸಲು ಮರೆಯಿಲ್ಲದಿರುವುದು, ಸರಿಯಾದ ಒಳಉಡುಪಿನ ಕೊರತೆ, ಮುಟ್ಟಿನ ದಿನಗಳ ಅಂಜಿಕೆ, ನೋಡಿ ನಗುವವರ ಭಯ. ಇವುಗಳಲ್ಲಿ ಹಲವನ್ನು ಶಾಲೆ ಸರಿಪಡಿಸಬಹುದು. ಸಡಿಲವಾದ ಬಟ್ಟೆಗೆ ಅನುಮತಿ ಕೊಡಿ. ಮುಟ್ಟಿನ ದಿನಗಳಲ್ಲಿ ಆಡಬಾರದೆಂಬುದೇನೂ ಇಲ್ಲ, ಹಗುರ ಚಲನೆಯಿಂದ ಹಲವರಿಗೆ ನೋವು ತಗ್ಗುತ್ತದೆ. ಆದರೆ ಆಡುವುದೋ, ನಿಧಾನ ಚಟುವಟಿಕೆಗೆ ಹೋಗುವುದೋ ಎಂಬ ಆಯ್ಕೆ ಕಾರಣ ಕೇಳದೆ ಅವಳದೇ ಆಗಿರಲಿ.

ಅಂಗವೈಕಲ್ಯವಿರುವ ಮಗುವಿಗೆ ಸ್ಕೋರ್ ಬರೆಯುವ ಕೆಲಸ ಕೊಟ್ಟು ಕೈತೊಳೆದುಕೊಳ್ಳಬಾರದು. ಜಾಗ, ಕೆಲಸ, ಸಲಕರಣೆ, ಜನ ಈ ನಾಲ್ಕರಲ್ಲಿ ಯಾವುದನ್ನು ಬದಲಿಸಿದರೆ ಆ ಮಗು ನಿಜವಾಗಿ ಆಡಬಲ್ಲದು ಎಂದು ಒಂದೊಂದಾಗಿ ಯೋಚಿಸಿ, ಆ ಮಗುವನ್ನೇ ಕೇಳಿ. ಎರಡನೆಯ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ರೂಪುಗೊಂಡ ಗೋಲ್‌ಬಾಲ್ ಆಟದಲ್ಲಿ ಚೆಂಡಿನೊಳಗೆ ಗೆಜ್ಜೆಗಳಿರುತ್ತವೆ, ಎಲ್ಲ ಆಟಗಾರರೂ ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಇಡೀ ತರಗತಿಗೆ ಅದನ್ನು ಆಡಿಸಿ ನೋಡಿ. ಗದ್ದಲದ ತರಗತಿಯೂ ಚೆಂಡಿನ ಸದ್ದು ಕೇಳಿಸಿಕೊಳ್ಳಲು ಮೌನವಾಗುತ್ತದೆ, ದೃಷ್ಟಿ ಮಂದವಿರುವ ಮಗು ಆ ಹೊತ್ತಿನ ಪರಿಣತನಾಗುತ್ತದೆ.

ಎಲ್ಲರಿಗೂ ಚೆಂಡಾಟದ ಚುರುಕುತನ ಇರಲಾರದು. ಡೆರಿಲ್ ಸೀಡೆನ್‌ಟಾಪ್ ರೂಪಿಸಿದ ಕ್ರೀಡಾ ಶಿಕ್ಷಣ ಮಾದರಿಯಲ್ಲಿ ಒಂದೇ ತಂಡ ಹಲವು ವಾರಗಳ ಋತುವಿನುದ್ದಕ್ಕೂ ಜೊತೆಗಿರುತ್ತದೆ, ಮತ್ತು ಪ್ರತಿಯೊಬ್ಬರೂ ಆಟಗಾರರಾಗಿರುವುದರ ಜೊತೆಗೆ ತರಬೇತುದಾರ, ತೀರ್ಪುಗಾರ, ಅಂಕಿಅಂಶ ದಾಖಲಿಸುವವರು ಎಂಬ ಯಾವುದಾದರೊಂದು ಹೊಣೆ ಹೊರುತ್ತಾರೆ. ಹೊಣೆ ಆಟಕ್ಕೆ ಬದಲಿಯಲ್ಲ, ಆಟದ ಜೊತೆಗಿನದು ಎಂಬುದನ್ನು ಮರೆಯಬಾರದು.

ಗಾಯದ ಬಗ್ಗೆ ಕೆಲವು ಮಾತು

ವಾರ್ಮ್ ಅಪ್ ಕೂಡ ಆಟದ ರೂಪದಲ್ಲೇ ಇರಲಿ, ಆದರೆ ಒಂಟಿಕಾಲಿನ ಸಮತೋಲ, ಮೊಣಕಾಲು ಬಗ್ಗಿಸಿ ಮೆತ್ತಗೆ ನೆಲಕ್ಕಿಳಿಯುವುದು, ತೊಡೆಯ ಹಿಂಭಾಗದ ಬಲ ಇವು ಅದರಲ್ಲಿ ಸೇರಿರಲಿ. ಮೊಣಕಾಲು ಒಳಕ್ಕೆ ವಾಲುವಂತೆ ನೆಲಕ್ಕಿಳಿಯುವ ಅಭ್ಯಾಸವನ್ನು, ವಿಶೇಷವಾಗಿ ಹುಡುಗಿಯರಲ್ಲಿ, ತಾಳ್ಮೆಯಿಂದ ತಿದ್ದಿ. ಮೊಣಕಾಲಿನ ಮುಂಭಾಗದ ಅಸ್ಥಿರಜ್ಜು ಹರಿಯುವ ಅಪಾಯ ಅವರಲ್ಲಿ ಹೆಚ್ಚು. ವೇಗವಾಗಿ ಬೆಳೆಯುತ್ತಿರುವ ಮಗು ಮೊಣಚಿಪ್ಪಿನ ಕೆಳಗಿನ ಉಬ್ಬಿನಲ್ಲಿ ಅಥವಾ ಹಿಮ್ಮಡಿಯಲ್ಲಿ ನೋವೆಂದರೆ ನೆಪವೆಂದು ತಳ್ಳಿಹಾಕಬೇಡಿ. ಬೆಳೆಯುವ ಮೂಳೆಯ ತುದಿಯನ್ನು ಸ್ನಾಯುರಜ್ಜು ಜಗ್ಗುವುದರಿಂದ ಬರುವ ನೋವು ಅದಾಗಿರಬಹುದು. ಕೆಲವು ವಾರ ಜಿಗಿತ, ಓಟ ತಗ್ಗಿಸಿ, ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಲು ಹೇಳಿ. ತಲೆಗೆ ಪೆಟ್ಟು ಬಿದ್ದು ಮಂಕಾದರೆ, ತಲೆಸುತ್ತು, ವಾಂತಿ ಕಂಡರೆ ಆ ಮಗು ಅಂದು ಮತ್ತೆ ಆಡಬಾರದು, ಎಷ್ಟೇ ಬೇಡಿಕೊಂಡರೂ ಬಿಡಬಾರದು. ವೈದ್ಯರು ನೋಡಿ ಒಪ್ಪಿದ ಮೇಲೆ ಹಂತಹಂತವಾಗಿ ಹಿಂದಿರುಗಬೇಕು.

ಏನನ್ನು ಅಳೆಯಬೇಕು

ಓಟದ ಸಮಯ, ಜಿಗಿತದ ದೂರಗಳನ್ನು ಪಟ್ಟಿಮಾಡಿ ಗೋಡೆಗೆ ಅಂಟಿಸುವುದು ಈ ವಯಸ್ಸಿನವರಿಗೆ ಅಪಕಾರವೇ. ದೇಹದ ಅಳತೆಗಳನ್ನು ತೆಗೆಯಲೇಬೇಕಾದರೆ ಖಾಸಗಿಯಾಗಿ ತೆಗೆಯಿರಿ, ಆಯಾ ಮಗುವಿನ ಹಿಂದಿನ ಅಳತೆಯೊಂದಿಗೆ ಮಾತ್ರ ಹೋಲಿಸಿ, ತೂಕವನ್ನು ಗಟ್ಟಿಯಾಗಿ ಓದಬೇಡಿ.

ಆಟದ ಸಾಮರ್ಥ್ಯ ಅಳೆಯಲು ಒಂದು ಚೀಟಿ, ಒಂದು ಪೆನ್ಸಿಲ್ ಸಾಕು. ಒಂದು ಪಾಠದಲ್ಲಿ ಆರು ಮಕ್ಕಳನ್ನು ಮಾತ್ರ ಆರಿಸಿಕೊಂಡು, ಒಬ್ಬೊಬ್ಬರನ್ನು ಐದೈದು ನಿಮಿಷ ಗಮನಿಸಿ, ಮೂರು ಕಾಲಂಗಳಲ್ಲಿ ಗುರುತು ಹಾಕಿ. ಚೆಂಡು ಕೈಗೆ ಬಂದಾಗ ಸರಿಯಾದ ನಿರ್ಧಾರ ತೆಗೆದುಕೊಂಡರೇ, ಆ ನಿರ್ಧಾರವನ್ನು ಕಾರ್ಯಗತಗೊಳಿಸಲು ಆಯಿತೇ, ಚೆಂಡು ಇಲ್ಲದಿರುವಾಗ ಜೊತೆಗಾರರಿಗೆ ಒದಗುವ ಜಾಗಕ್ಕೆ ಚಲಿಸಿದರೇ. ಮೂರನೆಯ ಕಾಲಂ ಅತ್ಯಂತ ಅಮೂಲ್ಯವೆಂದು ನಾನು ಭಾವಿಸುತ್ತೇನೆ, ಏಕೆಂದರೆ ಆಟದ ಬಹುಪಾಲು ಹೊತ್ತು ಪ್ರತಿಯೊಬ್ಬ ಆಟಗಾರನೂ ಚೆಂಡಿಲ್ಲದೆಯೇ ಆಡುತ್ತಿರುತ್ತಾನೆ, ಮತ್ತು ಅಲ್ಲಿ ಮಿಂಚುವವರನ್ನು ಯಾರೂ ಗಮನಿಸಿರುವುದಿಲ್ಲ. ನಾಲ್ಕನೆಯ ಕಾಲಂ ಒಂದನ್ನು ನೀವೇ ಸೇರಿಸಿಕೊಳ್ಳಿ: ತಕರಾರು ಬಂದಾಗ, ಸೋತಾಗ, ಜೊತೆಗಾರ ತಪ್ಪಿದಾಗ ಏನು ಮಾಡಿದರು. ಅದಕ್ಕೆ ಅಂಕ ಬೇಡ. ಕಂಡದ್ದನ್ನು ಒಂದು ವಾಕ್ಯದಲ್ಲಿ ಬರೆದು ಆ ಮಗುವಿಗೆ ಬೇರೆಯಾಗಿ ಓದಿ ಹೇಳಿ. ತಿಂಗಳಿಗೊಮ್ಮೆ ಈ ಚೀಟಿಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು ಕುಳಿತು, ಬಹುಪಾಲು ಮಕ್ಕಳು ಯಾವ ಕಾಲಂನಲ್ಲಿ ಹಿಂದುಳಿದಿದ್ದಾರೆಂದು ನೋಡಿ, ಮುಂದಿನ ತಿಂಗಳ ಆಟಗಳಲ್ಲಿ ಯಾವ ನಿಯಮ ಬದಲಾಗಬೇಕೆಂಬುದನ್ನು ಅದರಿಂದಲೇ ನಿರ್ಧರಿಸಿ.